ಸೋತವರ ಕಡೆಯ ಚಮಚ

ಆ ಮನೆಯಲ್ಲಿ ಯಾವ ದೊಡ್ಡ ತೀರ್ಮಾನವಾದರೂ ಊಟದ ಮೇಜಿನ ಮೇಲೆ, ಚಮಚದಿಂದಲೇ ಆಗಬೇಕು. ಒಪ್ಪಿಗೆ ಇದ್ದವರು ಊಟ ಮುಗಿದ ಮೇಲೆ ಚಮಚವನ್ನು ತಟ್ಟೆಯೊಳಗೆ ಇಡುತ್ತಾರೆ, ಇಲ್ಲದವರು ಮೇಜಿನ ಮೇಲೆ. ಎಣಿಸುವುದಕ್ಕೂ ಸುಲಭ, ಕೂಗಾಟವೂ ಕಡಿಮೆ. ಈ ಪದ್ಧತಿ ತಂದವರು ಚರ್ಮದ ಚೀಲ ಹೊಲಿಯುತ್ತಿದ್ದ ಮನೆಯ ಯಜಮಾನರು. ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದರೂ ಅವರ ಕಾನೂನು ಮಾತ್ರ ಗಟ್ಟಿಯಾಗಿ ಕೂತಿತ್ತು. ಗೋಡೆಗೆ ಯಾವ ಬಣ್ಣ, ಮೊಮ್ಮಗಳಿಗೆ ಯಾವ ಕಾಲೇಜು, ನಾಯಿ ಸಾಕಬೇಕೋ ಬೇಡವೋ, ಎಲ್ಲವೂ ಚಮಚದ ಮೇಲೆಯೇ ನಡೆದಿತ್ತು. ನಾಯಿ ಸೋತಿತ್ತು.

ಎಲ್ಲರಿಗಿಂತ ಕೊನೆಗೆ ಚಮಚ ಇಡುತ್ತಿದ್ದವರು ಯಜಮಾನರ ಹೆಂಡತಿ, ಮನೆಯ ಅಜ್ಜಿ. ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ಆಯಸ್ಸು ಸವೆಸಿದವರು. ಬೀದಿಯವರಿಗೆ ಇಂದಿಗೂ ‘ಸಿಸ್ಟರಮ್ಮ’. ಯಾರ ಕಡೆ ಚಮಚ ಕಡಿಮೆಯೋ ಆ ಕಡೆಗೆ ಅವರದು. ನಾಯಿಯ ವಿಷಯದಲ್ಲಿ ಮೊಮ್ಮಗಳೊಬ್ಬಳೇ ಬೇಕೆಂದಾಗ, ನಾಯಿಯ ಕೂದಲಿಗೇ ಸೀನುವ ಅಜ್ಜಿ ಅವಳ ಜೊತೆಗೆ ಚಮಚ ಇಟ್ಟಿದ್ದರು. ಆಗ ಯಜಮಾನರೂ ಇದ್ದರು, ಮೂರಕ್ಕೆ ಎರಡರಲ್ಲಿ ನಾಯಿ ಸೋತದ್ದರಿಂದ ಅಜ್ಜಿಯ ಮೂಗು ಉಳಿಯಿತು. “ಯಾರೂ ಒಬ್ಬರೇ ಸೋತು ಏಳಬಾರದು ಕಣೇ. ಉಂಡಿದ್ದು ಮೈಗೆ ಹತ್ತಲ್ಲ” ಅನ್ನುವುದು ಅವರ ಲೆಕ್ಕ.

ಈಗ ಮೇಜಿಗೆ ಬಂದಿದ್ದದ್ದು ಕಾರಿನ ವಿಷಯ.

ಯಜಮಾನರ ಕಾಲದ ಹಳೆಯ ಕಾರು ಒಂದು ದಿನ ಸಿಗ್ನಲಿನಲ್ಲಿ ನಿಂತಿದ್ದು ಮತ್ತೆ ಉಸಿರೆತ್ತಲಿಲ್ಲ. ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, ಹಾಗೆಯೇ ಮುಚ್ಚಿ, ಸಾವಿನ ಮನೆಯವರ ಜೊತೆ ಮಾತಾಡುವ ದನಿಯಲ್ಲಿ “ಇನ್ನು ಬೇಡ ಸಾರ್” ಅಂದ. ಗುಜರಿಯವರು ಬಂದು ಎಳೆದುಕೊಂಡು ಹೋದರು.

“ಸಣ್ಣದೊಂದು ಎಸ್‌ಯುವಿ ತಗೊಳ್ಳೋಣ” ಅಂದ ಮಗ, ಸೂಪಿನ ಬಟ್ಟಲಿಗೆ ಬ್ರೆಡ್ಡು ಅದ್ದುತ್ತಾ. ಅವನದು ಪೇಟೆಯಲ್ಲಿ ಕನ್ನಡಕದ ಅಂಗಡಿ. “ರಸ್ತೆ ಎಲ್ಲಾ ಗುಂಡಿ. ಎತ್ತರದ ಗಾಡಿ ಆದ್ರೆ ಸೊಂಟ ಉಳಿಯುತ್ತೆ. ಅದೂ ಅಲ್ದೆ ಅಮ್ಮನ ಮಂಡಿ ನೋಡು. ಎತ್ತರದ ಸೀಟು ಅಂದ್ರೆ ಬಗ್ಗೋದೇ ಬೇಡ.”

“ನಮ್ಮ ಸಂದಿಯಲ್ಲಿ ಅದನ್ನ ತಿರುಗಿಸೋರು ಯಾರು?” ಅಂದಳು ಸೊಸೆ. ಅವಳು ಮನೆಯಲ್ಲೇ ಕೇಕು ಮಾಡಿ ಆರ್ಡರಿನ ಮೇಲೆ ತಲುಪಿಸುವವಳು. ಕಾರನ್ನು ಹೆಚ್ಚು ಓಡಿಸುವವಳೂ ಅವಳೇ. “ಹಿಂದಿನ ಸೀಟಲ್ಲಿ ಮೂರು ಅಂತಸ್ತಿನ ಕೇಕು, ಎದುರಿಗೆ ಹಾಲಿನ ವ್ಯಾನು, ಪಕ್ಕದಲ್ಲಿ ಕಸದ ಡಬ್ಬ. ನೀವು ಬಂದು ರಿವರ್ಸ್ ಮಾಡಿಕೊಡ್ತೀರಾ? ಚಿಕ್ಕ ಕಾರೇ ಸರಿ. ಅತ್ತೆಗೂ ಅಷ್ಟೇ, ಕಾಲು ಎತ್ತಬೇಕಾಗಿಲ್ಲ. ಹಾಗೇ ಕೂತ್ಕೋಬಹುದು.”

“ನಾನು ಕಲಿಯೋದಾದ್ರೆ ಎಸ್‌ಯುವಿಯಲ್ಲೇ” ಅಂದಳು ಕಾಲೇಜಿನ ಮೊಮ್ಮಗಳು. “ಮೇಲಿಂದ ಎಲ್ಲಾ ಕಾಣ್ಸುತ್ತೆ.”

“ಅಮ್ಮ, ನೀನೇನಂತೀಯ?” ಅಂತ ಮಗ ಕೇಳಿದ.

“ನನಗೆ ಯಾವುದಾದರೂ ಸರಿಯಪ್ಪ” ಅಂದರು ಅಜ್ಜಿ.

ಎಸ್‌ಯುವಿಗೆ ತಟ್ಟೆ, ಚಿಕ್ಕ ಕಾರಿಗೆ ಮೇಜು ಎಂದು ನಿಗದಿಯಾಯಿತು. ಮಗನ ಚಮಚ ತಟ್ಟೆಯಲ್ಲಿ, ಮೊಮ್ಮಗಳದು ತಟ್ಟೆಯಲ್ಲಿ. ಸೊಸೆಯದು ಮೇಜಿನ ಮೇಲೆ ಒಂಟಿಯಾಗಿ ಕೂತಿತು. ಅಜ್ಜಿ ತಮ್ಮದನ್ನು ಕರವಸ್ತ್ರದಲ್ಲಿ ಒರೆಸಿ, ಸೊಸೆಯ ಚಮಚದ ಪಕ್ಕಕ್ಕೆ ಇಟ್ಟರು.

ಎರಡಕ್ಕೆ ಎರಡು. ಸಮವಾದರೆ ಒಂದು ವಾರ ಬಿಟ್ಟು ಮತ್ತೆ ಕೂರಬೇಕು. ಅದೂ ಯಜಮಾನರದೇ ಕಾನೂನು.

ಅಜ್ಜಿಗೆ ಕಾರು ಬೇಕಾಗಿದ್ದದ್ದು ಒಂದೇ ಒಂದು ಕೆಲಸಕ್ಕೆ. ಊರಿನ ಆ ತುದಿಯ ವೃದ್ಧಾಶ್ರಮದಲ್ಲಿ ಅವರ ಅಕ್ಕ ಇದ್ದರು. ಪ್ರತಿ ಶನಿವಾರ ಸೊಸೆ ಕೇಕು ತಲುಪಿಸಲು ಹೊರಟಾಗ ಅಜ್ಜಿಯನ್ನು ಅಲ್ಲಿ ಇಳಿಸಿ, ಬರುತ್ತಾ ಕರೆದುಕೊಂಡು ಬರುತ್ತಿದ್ದಳು. ಅಜ್ಜಿ ಅಕ್ಕನ ಉಗುರು ಕತ್ತರಿಸಿ, ತಲೆ ಬಾಚಿ, ವಾರದ ಸುದ್ದಿಯನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳಿ, ಜೊತೆಯಲ್ಲಿ ಒಂದು ಲೋಟ ಚಹಾ ಕುಡಿದು ಬರುವರು. ಅಕ್ಕನಿಗೆ ಕಣ್ಣು ಮಬ್ಬು. ನಾಲಿಗೆ ಮಾತ್ರ ಮೊದಲಿನ ಹಾಗೆಯೇ ಚುರುಕು. ವಾರದ ಉಳಿದ ದಿನಗಳೆಲ್ಲ ಆ ಶನಿವಾರಕ್ಕೆ ಕಾಯುವುದಕ್ಕೆಂದೇ ಇದ್ದಂತೆ ಇಬ್ಬರಿಗೂ.

ಮಂಡಿ ನೋವಿನ ವಿಷಯ ಮನೆಯವರಿಗೆ ಗೊತ್ತಿತ್ತು, ಅದು ಎಷ್ಟರಮಟ್ಟಿಗೆ ಅನ್ನುವುದನ್ನು ಮಾತ್ರ ಅಜ್ಜಿ ಯಾರಿಗೂ ಹೇಳಿರಲಿಲ್ಲ. ಅವರ ಸೊಂಟ, ಮಂಡಿ ಎರಡೂ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಹಳೆಯ ಕಾರಿನಿಂದ ಅವರು ಏಳುತ್ತಿದ್ದದ್ದು ಯಜಮಾನರು ಬಾಗಿಲ ಮೇಲಿನ ಹಿಡಿಗೆ ಬಿಗಿದಿದ್ದ ಒಂದು ಚರ್ಮದ ಪಟ್ಟಿಯ ದಯೆಯಿಂದ. ಅದಕ್ಕೆ ಕೈ ತೂರಿಸಿ, ಒಂದು ಎಳೆತ ಎಳೆದು, ಮೇಲೆದ್ದುಬಿಡುತ್ತಿದ್ದರು. ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆ ಪಟ್ಟಿ ಯಾತಕ್ಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮೊಮ್ಮಗಳು ಅದಕ್ಕೆ ತನ್ನ ಬ್ಯಾಗು ತೂಗುಹಾಕುತ್ತಿದ್ದಳು.

ಕಾರಿನ ಜೊತೆ ಪಟ್ಟಿಯೂ ಹೋಯಿತು ಎಂದು ಅಜ್ಜಿ ಸುಮ್ಮನಾಗಿದ್ದರು.

ಭಾನುವಾರ ನಾಲ್ವರೂ ಶೋರೂಮಿಗೆ ಹೋದರು. ಟೈ ಕಟ್ಟಿದ ಸೇಲ್ಸ್‌ನವನು ಅಜ್ಜಿಯನ್ನು ಕಂಡದ್ದೇ ಕುರ್ಚಿ ಎಳೆದು ತಂದ. ಎಸ್‌ಯುವಿಯನ್ನು ಮೆಟ್ಟಿಲಿನಷ್ಟು ಎತ್ತರದ ಒಂದು ಜಗಲಿಯ ಪಕ್ಕಕ್ಕೆ ಹಚ್ಚಿ ನಿಲ್ಲಿಸಿದ್ದರು. ಅಜ್ಜಿ ಜಗಲಿಯ ಮೇಲೆ ನಿಂತು, ಕುರ್ಚಿಯಲ್ಲಿ ಕೂತಂತೆ ಒಳಗೆ ಕೂತರು.

“ನೋಡಿದ್ಯಾ! ನೋಡಿದ್ಯಾ ಎಷ್ಟು ಸಲೀಸು!” ಅಂತ ಮಗ ಹೆಂಡತಿಯ ಕಡೆ ತಿರುಗಿದ.

ಕಾಲ ಕೆಳಗೆ ಜಗಲಿ ಇತ್ತು ಅನ್ನುವುದನ್ನು ಕಂಡವರು ಅಜ್ಜಿಯೊಬ್ಬರೇ. ಮನೆಯ ಮುಂದೆ ಜಗಲಿ ಎಲ್ಲಿಂದ ಬರಬೇಕು? ಆದರೂ ಅವರು “ಹೂಂನಪ್ಪಾ, ಹಾಯಾಗಿದೆ” ಅಂದರು.

ಆಮೇಲೆ ಚಿಕ್ಕ ಕಾರು. ಅದು ನೆಲದ ಮೇಲೆಯೇ ಇತ್ತು. ಅಜ್ಜಿ ಹಿಂದಕ್ಕೆ ತಿರುಗಿ, ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಳಗೆ ತಂದುಕೊಂಡರು. ವಾರ್ಡಿನಲ್ಲಿ ಎಷ್ಟೋ ಜನಕ್ಕೆ ತಾವೇ ಹೇಳಿಕೊಟ್ಟ ಕ್ರಮ.

“ಈಗ ನೋಡಿ!” ಅಂದಳು ಸೊಸೆ. “ಒಂದು ಚೂರಾದ್ರೂ ಕಷ್ಟ ಆಯ್ತಾ?”

ಕಷ್ಟ ಇದ್ದದ್ದು ಏಳುವುದರಲ್ಲಿ. ಅಜ್ಜಿ ಕೈ ಎತ್ತಿ ಬಾಗಿಲ ಮೇಲೆ ತಡಕಿದರು. ಪಟ್ಟಿ ಇಲ್ಲ. ಸೀಟಿಗೆ ಅಂಗೈ ಊರಿ ಒತ್ತಿದರು. ಸೀಟು ಕೆಳಗಿಳಿಯಿತು, ಅವರು ಮೇಲೇಳಲಿಲ್ಲ.

“ಅಮ್ಮ, ಬಾ, ಬಣ್ಣ ನೋಡೋಣ.”

“ನೀವು ನೋಡ್ತಿರಿ. ಇಲ್ಲಿ ತಂಪಾಗಿದೆ. ನಾನು ಸ್ವಲ್ಪ ಹೊತ್ತು ಕೂತಿರ್ತೀನಿ.”

ಮಗ, ಮೊಮ್ಮಗಳು ಆ ಕಡೆ ಹೋದರು. ಎಲ್ಲರ ಹಿಂದೆ ಹೊರಟಿದ್ದ ಸೊಸೆ ಒಮ್ಮೆ ತಿರುಗಿ ನೋಡಿದಳು. ಅಜ್ಜಿಯ ಬೆರಳುಗಳು ಸೀಟಿನ ಅಂಚನ್ನು ಹಿಡಿದಿದ್ದ ರೀತಿ ಕಂಡಿತು. ಅವಳು ಹತ್ತಿರ ಬಂದು, “ಅತ್ತೆ, ನನ್ನ ಚಪ್ಪಲಿ ಕಚ್ತಾ ಇದೆ. ಸ್ವಲ್ಪ ಕೈ ಹಿಡ್ಕೊಳ್ಳಿ, ಸರಿಮಾಡ್ಕೋತೀನಿ” ಅಂದಳು. ಅಜ್ಜಿ ಕೈ ಚಾಚಿದರು. ಸೊಸೆ ಚಪ್ಪಲಿಗೆಂದು ಬಗ್ಗಿದವಳು ಹಿಂದಕ್ಕೆ ವಾಲಿದಳು. ಅಜ್ಜಿ ಎದ್ದು ನಿಂತಿದ್ದರು. ಅವಳ ಕಾಲಲ್ಲಿ ಇದ್ದದ್ದು ಲೇಸು ಕಟ್ಟಿದ ಶೂ.

ಇಬ್ಬರೂ ಬಣ್ಣ ನೋಡುತ್ತಿದ್ದವರ ಕಡೆ ನಡೆದರು.

ಆ ವಾರದ ಶನಿವಾರ ಅಜ್ಜಿ ಟ್ಯಾಕ್ಸಿ ತರಿಸಿಕೊಂಡು ಹೋದರು. ವೃದ್ಧಾಶ್ರಮದ ಬಾಗಿಲಲ್ಲಿ ಏಳಲಾಗದೆ ಒದ್ದಾಡಿದಾಗ ಟ್ಯಾಕ್ಸಿಯವನೊಂದು ಕಡೆ, ಕಾವಲುಗಾರನೊಂದು ಕಡೆ ಹಿಡಿದರು, ಹಾದುಹೋಗುತ್ತಿದ್ದ ಹೂವಿನಂಗಡಿಯಾಕೆಯೂ ಬಂದು “ನಿಧಾನ, ನಿಧಾನ” ಅನ್ನುತ್ತಾ ಬೆನ್ನಿಗೆ ಕೈ ಕೊಟ್ಟಳು. ಮೂವರೂ ಒಳ್ಳೆಯವರೇ. ಆದರೆ ವರಾಂಡದಲ್ಲಿ ಕೂತಿದ್ದ ಮುದುಕ ಮುದುಕಿಯರೆಲ್ಲ ನೋಡುತ್ತಿದ್ದರು. ಅವರಲ್ಲಿ ಇಬ್ಬರು, ಹೊಸಬರು ಬಂದರೆಂದುಕೊಂಡು, ಬೆಂಚಿನಲ್ಲಿ ಸರಿದು ಜಾಗ ಮಾಡಿದರು.

“ಏನೇ ಅದು ಗಲಾಟೆ ಬಾಗಿಲಲ್ಲಿ?” ಅಂತ ಅಕ್ಕ ಕೇಳಿದರು.

“ಏನಿಲ್ಲ, ಯಾರದ್ದೋ ಸಾಮಾನು ಇಳಿಸ್ತಿದ್ರು.”

“ಭಾರವಾದ ಸಾಮಾನು ಅಂತ ಕಾಣುತ್ತೆ.”

ಅಜ್ಜಿ ಅಕ್ಕನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಗುರು ಕತ್ತರಿಸತೊಡಗಿದರು. “ಅಕ್ಕ, ನೀನು ಇಲ್ಲಿಗೆ ಬಂದಿದ್ದು ಹೇಗೆ, ನೆನಪಿದೆಯಾ?”

“ನೆನಪಿಲ್ದೆ ಏನು? ಬಚ್ಚಲಲ್ಲಿ ಕಾಲು ಜಾರಿತು. ಮಗನ ಹತ್ರ ‘ನನ್ನ ಕೈಲಿ ಆಗ್ತಿಲ್ಲ ಕಣೋ’ ಅಂದೆ. ಒಂದೇ ಒಂದು ಸಲ ಅಂದೆ. ಪಾಪ, ಅವನು ಒಳ್ಳೇದಕ್ಕೇ ಮಾಡಿದ. ಆದ್ರೆ ಮುಂದಿನ ತಿಂಗಳಿಗೆ ನನ್ನ ಪೆಟ್ಟಿಗೆ ಈ ಮಂಚದ ಕೆಳಗಿತ್ತು.”

ಈ ಮಾತನ್ನು ಅಜ್ಜಿ ಹಿಂದೆಯೂ ಕೇಳಿದ್ದರು. ಈ ಸಲ ಅದು ಮನೆಯವರೆಗೂ ಅವರ ಜೊತೆಗೇ ಬಂತು.

ಎರಡನೆಯ ಸಲ ಮೇಜಿಗೆ ಕೂತಾಗ ಮೊಮ್ಮಗಳು ಪಕ್ಷ ಬದಲಿಸಿದ್ದಳು. ಟೆಸ್ಟ್ ಡ್ರೈವಿಗೆಂದು ತಂದಿದ್ದ ಎಸ್‌ಯುವಿ ಇವರ ಸಂದಿಯಲ್ಲಿ ತಿರುಗಲಾರದೆ, ಹಾಲಿನ ವ್ಯಾನಿನವನು, ಇಸ್ತ್ರಿಯವನು, ಎದುರು ಮನೆಯವರು ಎಲ್ಲರೂ ಬಂದು ಆಳಿಗೊಂದು ದಿಕ್ಕು ತೋರಿಸಿ, ಅಪ್ಪ ಬೆವರು ಒರೆಸಿಕೊಂಡದ್ದನ್ನು ಅವಳು ಹಿಂದಿನ ಸೀಟಿನಿಂದ ಕಂಡಿದ್ದಳು.

“ಅಪ್ಪ, ಸಾರಿ” ಅಂತ ಚಮಚವನ್ನು ಮೇಜಿನ ಮೇಲೆ ಇಟ್ಟಳು. ಸೊಸೆಯದೂ ಅಲ್ಲೇ. ಮಗನದು ತಟ್ಟೆಯಲ್ಲಿ ಒಂದೇ ಒಂದು.

ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ಮಗನ ಮುಖ ನೋಡಿದರು. ಅದು ಪರೀಕ್ಷೆಯಲ್ಲಿ ನಪಾಸಾಗಿ ಬಂದ ದಿನದ ಮುಖದ ಹಾಗೇ ಇತ್ತು. ಅವರ ಚಮಚ ಟಣ್ಣೆಂದು ತಟ್ಟೆಗೆ ಬಿತ್ತು.

“ಅತ್ತೇ!” ಅಂದಳು ಸೊಸೆ. “ಹೋದ ವಾರ ನೀವು ಚಿಕ್ಕ ಕಾರು ಅಂದಿದ್ರಿ!”

“ಯೋಚನೆ ಮಾಡಿದೆ ಕಣಮ್ಮ.”

“ಏನು ಯೋಚನೆ ಅಜ್ಜಿ?” ಮೊಮ್ಮಗಳು ಬಿಡಲಿಲ್ಲ. “ನಾನು ಈ ಕಡೆ ಬಂದೆ, ನೀನು ಆ ಕಡೆ ಹೋದೆ. ನಾವಿಬ್ರೂ ಕುಂಟೆಬಿಲ್ಲೆ ಆಡ್ತಿದ್ದೀವಾ?”

“ಅಮ್ಮನಿಗೆ ಎತ್ತರದ ಸೀಟೇ ಹಿತ. ಅದನ್ನ ಹೇಳೋಕೆ ಸಂಕೋಚ ಅವಳಿಗೆ” ಅಂದ ಮಗ.

“ನಿಮಗೆ ಹಿತ ಅನ್ನಿ. ಅತ್ತೆ ಹೆಸರು ಯಾಕೆ ಎಳೀತೀರಿ?”

“ನೀನು ಎಳೀತಿಲ್ವಾ? ಕಾಲು ಎತ್ತಬೇಕಾಗಿಲ್ಲ, ಹಾಗೇ ಕೂತ್ಕೋಬಹುದು ಅಂತ ಕಾಳಜಿ ಸುರಿಸಿದ್ದು ಯಾರು?”

“ಊರಿಗೆಲ್ಲ ಕನ್ನಡಕ ಹಾಕ್ತೀರಿ. ಮನೇಲಿ ಏನು ನಡೀತಿದೆ ಅಂತ ಒಂದು ದಿನ ಕಣ್ಣುಬಿಟ್ಟು ನೋಡಿದ್ದೀರಾ?”

“ಏನು ನಡೀತಿದೆ? ಹೇಳು ಮತ್ತೆ!”

ಸೊಸೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ತಲೆ ತಗ್ಗಿಸಿ ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಂದುಕಡೆ ಗುಡ್ಡೆ ಮಾಡುತ್ತಿದ್ದರು.

“ಏನಿಲ್ಲ. ಸೂಪು ಆರ್ತಿದೆ” ಅಂದಳು ಸೊಸೆ, ಎಲ್ಲರ ಬಟ್ಟಲೂ ಖಾಲಿಯಾಗಿದ್ದರೂ.

ಎರಡಕ್ಕೆ ಎರಡು. ಮತ್ತೊಂದು ವಾರ.

ಆ ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು, ಪಾತ್ರೆಗಳ ಸದ್ದು ಹೆಚ್ಚಾಯಿತು. ಮಗ ಚಹಾವನ್ನು ತಾನೇ ಮಾಡಿಕೊಂಡು ಕುಡಿದು ಅಂಗಡಿಗೆ ಹೋದ. ಸೊಸೆ ಕೇಕುಗಳನ್ನು ಬಾಡಿಗೆ ಗಾಡಿಯಲ್ಲಿ ಕಳಿಸಿ, ಒಂದು ಕೇಕು ಮಗ್ಗುಲಾಗಿ ತಲುಪಿತೆಂದು ಗಿರಾಕಿಯಿಂದ ಬೈಸಿಕೊಂಡಳು. ಬಟ್ಟೆ ಒಣಗಿಹಾಕುವ ಪಾಳಿ ಮಗನದಿತ್ತು. ಹೆಂಡತಿಯ ಏಪ್ರನ್ನುಗಳನ್ನು ಮಾತ್ರ ಬಕೆಟ್ಟಿನಲ್ಲೇ ಬಿಟ್ಟ. ಸಂಜೆಯ ಹೊತ್ತಿಗೆ ಏನನ್ನಿಸಿತೋ, ಅವನ್ನೂ ಹಿಂಡಿ, ಕೊಡವಿ, ಎರಡೆರಡು ಕ್ಲಿಪ್ಪು ಹಾಕಿ ಹರವಿದ. ಅಡುಗೆಮನೆಯ ಕಿಟಕಿಯಿಂದ ಅಜ್ಜಿ ಅದನ್ನು ನೋಡಿದರು, ನೋಡದವರ ಹಾಗೆ ಈ ಕಡೆ ತಿರುಗಿದರು.

ಶನಿವಾರ ಬಂದಾಗ, “ಅಕ್ಕನಿಗೆ ಶೀತವಂತೆ. ಈ ವಾರ ಬರಬೇಡ ಅಂದ್ಲು” ಅಂದರು. ಅದರ ಮುಂದಿನ ವಾರದ ಚಮಚದ ಕೂಟ ಮಗನ ಅಂಗಡಿಯ ದಾಸ್ತಾನು ಎಣಿಕೆಯಿಂದ ಮುಂದಕ್ಕೆ ಹೋಯಿತು. ಆ ಶನಿವಾರ, “ಶೀತ ಇನ್ನೂ ಬಿಟ್ಟಿಲ್ವಂತೆ.”

ಮಧ್ಯಾಹ್ನ ಮನೆಯ ಫೋನು ರಿಂಗಾಯಿತು. ಸೊಸೆ ಕೆನೆ ಮೆತ್ತಿದ ಕೈಯಲ್ಲೇ ಎತ್ತಿಕೊಂಡಳು.

“ಯಾರು, ಸೊಸೆಯೇನಮ್ಮ? ನಿನ್ನತ್ತೆಗೆ ಹುಷಾರು ತಪ್ಪಿದೆಯೇ?”

“ಇಲ್ಲ ದೊಡ್ಡತ್ತೆ. ನಿಮ್ಮ ಶೀತ ಹೇಗಿದೆ?”

“ನನಗೆಲ್ಲಿಯ ಶೀತ? ಬೆಳಿಗ್ಗೆಯಿಂದ ಬಾಚಣಿಗೆ ಹಿಡ್ಕೊಂಡು ಬಾಗಿಲಲ್ಲಿ ಕೂತಿದ್ದೀನಿ. ಹೋದ ಶನಿವಾರವೂ ಹೀಗೇ ಕೂತಿದ್ದೆ. ಇಲ್ಲಿಯ ಹುಡುಗಿ ಬಾಚ್ತೀನಿ ಅಂದ್ಲು, ಬೇಡ ಅಂದೆ. ಇವತ್ತೂ ಬರಲ್ಲ ಅಂದ್ರೆ ಹೇಳಿಬಿಡು, ಎದ್ದು ಒಳಗೆ ಹೋಗ್ತೀನಿ.”

ಸೊಸೆ ಅಡುಗೆಮನೆಯ ಕಡೆ ನೋಡಿದಳು. “ಇವತ್ತು ಆಗಲ್ಲ ದೊಡ್ಡತ್ತೆ. ಬರುವ ಶನಿವಾರ ಖಂಡಿತ.”

ಅಡುಗೆಮನೆಯಲ್ಲಿ ಅಜ್ಜಿ ಬಟಾಣಿ ಸುಲಿಯುತ್ತಿದ್ದರು. ಸೊಸೆ ಬಂದು ಎದುರಿನ ಸ್ಟೂಲಿನಲ್ಲಿ ಕೂತು, ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡಳು.

“ದೊಡ್ಡತ್ತೆ ಫೋನ್ ಮಾಡಿದ್ರು.”

ಅಜ್ಜಿಯ ಕೈ ನಿಂತಿತು.

“ಎರಡು ವಾರದಿಂದ ತಲೆ ಬಾಚಿಸ್ಕೊಂಡಿಲ್ವಂತೆ. ನೀವೇ ಬರಬೇಕಂತೆ.”

“ಅಯ್ಯೋ, ಪೆದ್ದಿ” ಅಂದರು ಅಜ್ಜಿ. ಇನ್ನೆರಡು ಕಾಯಿ ಸುಲಿದ ಮೇಲೆ, “ನಿನಗೆ ಯಾವಾಗ ಗೊತ್ತಾಯ್ತು?” ಅಂದರು.

“ಶೋರೂಮಲ್ಲೇ.”

“ಮತ್ತೆ ಅವತ್ತು ಅವನು ಅಷ್ಟು ಕೇಳಿದಾಗ ಹೇಳಬಹುದಿತ್ತಲ್ಲ? ನೀನೇ ಗೆಲ್ತಿದ್ದೆ, ಸೋಲ್ತಿದ್ದೆ, ಏನೋ ಒಂದು ಆಗ್ತಿತ್ತು.”

“ನೀವು ಮುಚ್ಚಿಟ್ಟಿದ್ದನ್ನ ನಾನು ಹೇಗೆ ಬಿಚ್ಚಲಿ ಅತ್ತೆ?” ಸೊಸೆ ಬಟಾಣಿಯನ್ನು ಬಟ್ಟಲಿಗೆ ಸುರಿದಳು. “ಆದ್ರೆ ಹೀಗೇ ಎಷ್ಟು ಶನಿವಾರ? ವಾರ್ಡಲ್ಲಿ ನೀವು ಎಲ್ರಿಗೂ ಏನು ಹೇಳ್ತಿದ್ರಿ?”

“ನಾಚ್ಕೋಬೇಡಿ, ಬೆಲ್ಲು ಒತ್ತಿ, ಅದಕ್ಕೇ ನಾವಿರೋದು ಅಂತ.”

“ಹೂಂ.”

“ಹೇಳೋದು ಸುಲಭ ಕಣೇ. ಬೆಲ್ಲು ಒತ್ತಿದ ಮೇಲೆ ಏನಾಗುತ್ತೆ ಅಂತ ಅಕ್ಕನ್ನ ಕೇಳು. ‘ಆಗಲ್ಲ’ ಅಂದ ತಕ್ಷಣ, ಪಾಪ ಇನ್ನು ಎಲ್ಲಿಗೂ ಬೇಡ, ಮನೇಲೇ ಆರಾಮಾಗಿರಲಿ ಅಂತಾರೆ. ಬೈದು ಹೇಳಿದ್ರೆ ತಿರುಗಿ ಬೈಬಹುದು. ಪ್ರೀತಿಯಿಂದ ಹೇಳಿದ್ರೆ ಏನು ಮಾಡೋದು?”

ಸೊಸೆ ಕೆನೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದು, ಒಂದು ಚಮಚ ತೆಗೆದು ಅತ್ತೆಯ ಮುಂದೆ ಹಿಡಿದಳು. “ಸಿಹಿ ಸರಿಯಾಗಿದೆಯಾ ನೋಡಿ. ‘ಯಾವುದಾದರೂ ಸರಿ’ ಅನ್ನಬೇಡಿ ಮತ್ತೆ.”

ಅಜ್ಜಿ ಬಾಯಿಗೆ ಹಾಕಿಕೊಂಡರು. ಯೋಚಿಸಿದರು. “ಜಾಸ್ತಿ ಆಯ್ತು” ಅಂದರು.

ಸೊಸೆ ನಕ್ಕಳು. “ಇಷ್ಟೇ. ಇದನ್ನೇ ಮೇಜಿನ ಮುಂದೆ ಹೇಳೋದು.”

ಅಂದು ಸಂಜೆ ಅನ್ನ, ಬಟಾಣಿ, ಬೇಯಿಸಿದ ಮೊಟ್ಟೆ. ಯಾರ ಊಟವೂ ಮುಗಿದಿರಲಿಲ್ಲ. ಅಷ್ಟರಲ್ಲಿ ಅಜ್ಜಿ ತಮ್ಮ ಚಮಚವನ್ನು ಎತ್ತಿ, ಮೇಜಿನ ನಡುವೆ ಇಟ್ಟರು. ಮೂವರೂ ತಿನ್ನುವುದನ್ನು ನಿಲ್ಲಿಸಿದರು. ಅಜ್ಜಿಯ ಚಮಚ ಮೊದಲು ಬಿದ್ದದ್ದನ್ನು ಆ ಮನೆ ಕಂಡಿರಲಿಲ್ಲ.

“ಇದು ಯಾರ ಕಡೆಗೂ ಅಲ್ಲ. ನನ್ನ ಮಾತು ಮುಗಿಯೋವರೆಗೆ ಇಲ್ಲೇ ಇರುತ್ತೆ” ಅಂದರು. “ಅಕ್ಕನಿಗೆ ಶೀತ ಇರಲಿಲ್ಲ. ನಾನು ಸುಳ್ಳು ಹೇಳಿದೆ. ಚಿಕ್ಕ ಕಾರಲ್ಲಿ ನನಗೆ ಕೂತ್ಕೊಳ್ಳೋಕಾಗುತ್ತೆ, ಏಳೋಕಾಗಲ್ಲ. ಎತ್ತರದ ಗಾಡಿಯಿಂದ ಜಾರಿ ಇಳಿಯೋಕಾಗುತ್ತೆ, ಹತ್ತೋಕಾಗಲ್ಲ. ಅವತ್ತು ಶೋರೂಮಲ್ಲಿ ಹತ್ತಿದ್ದು ನಾನಲ್ಲ, ಆ ಜಗಲಿ. ಹಳೇ ಕಾರಲ್ಲಿ ನಿಮ್ಮಪ್ಪ ಕಟ್ಟಿದ ಪಟ್ಟಿ ಇತ್ತು, ಅದನ್ನ ಹಿಡ್ಕೊಂಡು ಏಳ್ತಿದ್ದೆ.”

“ಪಟ್ಟಿ…” ಅಂದ ಮಗ. ಅವನ ಮುಖದ ಬಣ್ಣ ಇಳಿದಿತ್ತು. “ಅದು ಅಪ್ಪನ ಶೋಕಿ ಅಂದ್ಕೊಂಡಿದ್ದೆ ನಾನು. ಅಮ್ಮ, ಇಷ್ಟು ಕಷ್ಟ ಇದ್ರೆ ನೀನು ಯಾಕೆ ಹೋಗಬೇಕು? ದೊಡ್ಡಮ್ಮನ್ನ ನಾವೇ ನೋಡ್ಕೊಂಡು ಬರ್ತೀವಿ. ಫೋನಲ್ಲಿ ವಿಡಿಯೋ ಮಾಡಿಕೊಡ್ತೀನಿ, ಮನೇಲೇ ಆರಾಮಾಗಿ…”

“ಬಂತು ನೋಡು!” ಅಂದರು ಅಜ್ಜಿ. ವಾರ್ಡಿನ ಆ ತುದಿಗೂ ಕೇಳಿಸುತ್ತಿದ್ದ ಹಳೆಯ ದನಿ ಅದು. “ಇದಕ್ಕೇ ನಾನು ಬಾಯಿ ಬಿಡದೇ ಇದ್ದದ್ದು. ಅವಳಿಗೆ ಕಣ್ಣೇ ಕಾಣಲ್ಲ, ವಿಡಿಯೋದಲ್ಲಿ ಏನು ನೋಡ್ತಾಳೆ? ನಾನು ಹೋಗ್ತೀನಿ. ಶನಿವಾರ ಶನಿವಾರ ಹೋಗ್ತೀನಿ. ನನ್ನನ್ನ ಮನೇಲಿ ಕೂರಿಸೋದಕ್ಕೆ ಚಮಚ ಹಾಕೋ ಹಾಗಿಲ್ಲ. ಅದು ಬಿಟ್ಟು ಬೇರೆ ಏನಿದ್ರೂ ಮಾತಾಡಿ.”

ಮಗ ಮೊಟ್ಟೆಯನ್ನು ಚಮಚದಿಂದ ಅತ್ತಿತ್ತ ಉರುಳಿಸಿದ. ಕೊನೆಗೆ “ಸರಿಯಮ್ಮ” ಅಂದ, ಮೆಲ್ಲಗೆ.

“ಒಂದ್ನಿಮಿಷ” ಅಂದಳು ಮೊಮ್ಮಗಳು. ಬೆರಳು ಮಡಿಸುತ್ತಿದ್ದಳು. “ಹೋದಾಗ ಒಂದು ಸಲ ಹತ್ತಬೇಕು, ಒಂದು ಸಲ ಇಳೀಬೇಕು. ಬರುವಾಗಲೂ ಅಷ್ಟೇ. ಒಂದು ಗಾಡಿಯಲ್ಲಿ ಹತ್ತೋಕೆ ಸಹಾಯ ಬೇಕು, ಇನ್ನೊಂದರಲ್ಲಿ ಇಳಿಯೋಕೆ ಬೇಕು. ಯಾವ ಕಾರು ತಗೊಂಡ್ರೂ ಅಜ್ಜಿಗೆ ಅಷ್ಟೇ ಸಲ ಯಾರಾದ್ರೂ ಹಿಡ್ಕೋಬೇಕು! ಒಂದು ತಿಂಗಳಿಂದ ನೀವಿಬ್ರೂ ಅಜ್ಜಿ ಮಂಡಿ ಇಟ್ಕೊಂಡು ಜಗಳ ಆಡಿದ್ದು ದಂಡ.”

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಸೊಸೆಗೆ ನಗು ತಡೆಯಲಾಗದೆ ನೀರು ನೆತ್ತಿಗೆ ಹತ್ತಿತು. ಮಗ ಎದ್ದು ಅವಳ ತಲೆ ತಟ್ಟಿದ. ಒಂದು ತಿಂಗಳಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

ಮೊಮ್ಮಗಳು ಅಷ್ಟರಲ್ಲಿ ಕೋಣೆಗೆ ಓಡಿದ್ದಳು. ವಾಪಸು ಬಂದಾಗ ಅವಳ ಕೈಯಲ್ಲಿ ಚರ್ಮದ ಪಟ್ಟಿ ಇತ್ತು. ಅಂಚು ಸವೆದು, ಹಿಡಿಯುವ ಕಡೆ ಕಪ್ಪಗೆ ಹೊಳೆಯುತ್ತಿತ್ತು. “ಗುಜರಿಯವರು ಬಂದ ದಿನ ಬಿಚ್ಚಿ ಇಟ್ಕೊಂಡಿದ್ದೆ. ತಾತ ಹೊಲಿದಿದ್ದು ಅಂತ. ಇಷ್ಟು ದಿನ ಅದಕ್ಕೆ ನನ್ನ ಹೆಡ್‌ಫೋನು ತೂಗ್ತಾ ಇತ್ತು.”

ಅಜ್ಜಿ ಅದನ್ನು ತೆಗೆದುಕೊಂಡರು. ಒಳಗೆ ಕೈ ತೂರಿಸಿ ನೋಡಿದರು.

“ಇದನ್ನ ಯಾವ ಕಾರಿಗಾದ್ರೂ ಕಟ್ಟಬಹುದು” ಅಂದರು ಕೊನೆಗೆ. “ಹಾಗಾಗಿ ನನ್ನ ಮಂಡಿ ಈ ಪಂಚಾಯ್ತಿಯಿಂದ ಆಚೆ. ಓಡಿಸೋರು ಯಾರು? ಸಂದಿಯಲ್ಲಿ ತಿರುಗಿಸೋರು ಯಾರು? ಕೇಕು ಹೊರೋರು ಯಾರು? ಶನಿವಾರ ಅಂಗಡಿ ಬಿಟ್ಟು ನೀನಂತೂ ಬರಲ್ಲ. ಅವಳ ಕೈಗೆ ಯಾವುದು ಬಗ್ಗುತ್ತೋ ಅದೇ ಬರಲಿ.”

ನಡುವೆ ಇದ್ದ ಚಮಚವನ್ನು ಅವರು ತಮ್ಮ ತಟ್ಟೆಯ ಪಕ್ಕಕ್ಕೆ, ಮೇಜಿನ ಮೇಲೆ ಎಳೆದುಕೊಂಡರು. ಚಿಕ್ಕ ಕಾರು. ಸೊಸೆಯದೂ ಮೇಜಿನ ಮೇಲೆ, ಮೊಮ್ಮಗಳದೂ. ಮಗ ತನ್ನ ಚಮಚ ಹಿಡಿದುಕೊಂಡು ಒಂದಷ್ಟು ಹೊತ್ತು ಕೂತಿದ್ದ. ಆಮೇಲೆ ತಟ್ಟೆಯೊಳಗೇ ಇಟ್ಟ.

“ನನಗೆ ಈಗಲೂ ಆ ಗಾಡಿಯೇ ಇಷ್ಟ” ಅಂದ. “ಅಮ್ಮನ ಹೆಸರು ಸೇರಿಸದೇ ಹೇಳ್ತಿದ್ದೀನಿ. ನನಗೇ ಇಷ್ಟ. ಮೇಲೆ ಕೂತು ಓಡಿಸೋಕೆ.”

“ಒಪ್ಕೊಂಡ್ರಲ್ಲ!” ಅಂದಳು ಸೊಸೆ.

“ಅಮ್ಮ, ನನ್ನ ಕಡೆ ಯಾರೂ ಇಲ್ವಾ?”

ಅಜ್ಜಿಯ ಕೈ ಚಮಚದ ಕಡೆ ಹೋಗಿ, ಅರ್ಧದಲ್ಲೇ ನಿಂತು, ವಾಪಸು ಬಂತು. “ಇಲ್ಲ ಕಣಪ್ಪ. ಇವತ್ತು ಒಬ್ಬನೇ ಸೋಲು. ಇನ್ನೊಂದು ಮೊಟ್ಟೆ ತಗೋ.”

ಅವನು ತಗೊಂಡ. ಉಂಡಿದ್ದು ಅವನ ಮೈಗೆ ಹತ್ತಿತೋ ಇಲ್ಲವೋ, ಆದರೆ ಕೈ ತೊಳೆದು ಬಂದವನು ಪಟ್ಟಿಯನ್ನು ಅಂಗಡಿಗೆ ಕೊಂಡೊಯ್ಯಲೆಂದು ಎತ್ತಿಟ್ಟುಕೊಂಡ. ಸೋಮವಾರ, ಕನ್ನಡಕದ ಕಡ್ಡಿ ಬಿಗಿಯುವ ಸಣ್ಣ ಉಪಕರಣಗಳನ್ನೆಲ್ಲ ಹರವಿಕೊಂಡು ಕೂತು, ಸಡಿಲವಾಗಿದ್ದ ಅದರ ಬಕಲಿಗೆ ಹೊಸ ಕೀಲು ಹಾಕಿ, ತಾನೇ ಜೋತುಬಿದ್ದು ಎಳೆದು ನೋಡಿದ. ಕನ್ನಡಕಕ್ಕೆ ಬಂದ ಗಿರಾಕಿಯೊಬ್ಬರು ಗಾಬರಿಯಾದರು.

ಚಿಕ್ಕ ಕಾರು ಬಂದ ಮೊದಲ ಶನಿವಾರ ಅಜ್ಜಿ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಕೇಕಿನ ಪೆಟ್ಟಿಗೆ, ಅದನ್ನು ಹಿಡಿದುಕೊಂಡು ಮೊಮ್ಮಗಳು. ಕೇಕು ತಲುಪಿಸಿ, ವೃದ್ಧಾಶ್ರಮದ ಬಾಗಿಲಲ್ಲಿ ಸೊಸೆ ಕಾರು ನಿಲ್ಲಿಸಿ, ಸುತ್ತಿಕೊಂಡು ಈ ಕಡೆಗೆ ಬಂದಳು. ಬಂದು ಸುಮ್ಮನೆ ನಿಂತಳು, ಶೂ ನೋಡಿಕೊಳ್ಳಲಿಲ್ಲ.

ಅಜ್ಜಿ ಪಟ್ಟಿಗೆ ಒಂದು ಕೈ ತೂರಿಸಿದರು. ಇನ್ನೊಂದು ಕೈಯನ್ನು ಹೊರಗೆ ಚಾಚಿ, ವರಾಂಡದ ಬೆಂಚುಗಳಿಗೆಲ್ಲ ಕೇಳುವ ಹಾಗೆ, “ಸ್ವಲ್ಪ ಹಿಡ್ಕೊಳ್ಳೇ” ಅಂದರು. ಎದ್ದು ನಿಂತರು.

ಅಕ್ಕ ಬಾಚಣಿಗೆ ಹಿಡಿದು ಬಾಗಿಲಲ್ಲೇ ಇದ್ದರು. “ಶೀತ ಹೇಗಿದೆ?” ಅಂತ ಕೇಳಿದ್ದು ಅವರೇ.

“ಸುಮ್ನಿರು, ತಲೆ ಕೊಡು ಇಲ್ಲಿ.” ಅಜ್ಜಿ ಅಲ್ಲೇ ನಿಲ್ಲಿಸಿಕೊಂಡು ಅಕ್ಕನ ತಲೆ ಬಾಚಿದರು. ಬಾಚಿ, ಪಿನ್ನು ಸಿಕ್ಕಿಸಿ, “ಅಕ್ಕ, ನೀನು ಈ ಗೇಟು ದಾಟಿ ಎಷ್ಟು ಕಾಲ ಆಯ್ತೇ?” ಅಂದರು.

“ನನ್ನನ್ನ ಯಾರು ದಾಟಿಸ್ತಾರೆ? ಒಂದು ಸಲ ಆಗಲ್ಲ ಅಂದವಳು ನಾನು.”

“ಬಾ. ಹಿಂದಕ್ಕೆ ತಿರುಗು. ಮೊದಲು ಕೂತ್ಕೋ. ಈಗ ಎರಡೂ ಕಾಲು ಒಟ್ಟಿಗೆ. ಹಾಂ, ಹಾಗೆ.”

ಮುಂದಿನ ಸೀಟಿನಲ್ಲಿ ಕೂತ ಅಕ್ಕ ಕೈಯಿಂದ ಒಳಗೆಲ್ಲ ತಡಕಿ ನೋಡಿದರು. ಡ್ಯಾಶ್‌ಬೋರ್ಡು, ಬಾಗಿಲು, ಗಾಜು. ಕೈ ಪಟ್ಟಿಗೆ ತಗುಲಿತು. ಹೊಲಿಗೆಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಓಡಿಸಿದರು.

“ಇದು ನಿನ್ನ ಗಂಡನ ಹೊಲಿಗೆ ಅಲ್ವೇನೇ?”

“ಹೂಂ.”

“ನನಗೂ ಒಂದು ಚೀಲ ಹೊಲಿದುಕೊಟ್ಟಿದ್ದ. ಹಿಡಿ ಕಿತ್ತು ಬಂದದ್ದೇ ಇಲ್ಲ” ಅಂತ ಅಕ್ಕ ಪಟ್ಟಿಯನ್ನು ಹಿಡಿದುಕೊಂಡರು. “ಗಾಡಿ ದೊಡ್ಡದೋ, ಚಿಕ್ಕದೋ?”

“ಅದನ್ನ ಕೇಳಬೇಡಿ ದೊಡ್ಡಜ್ಜಿ” ಅಂದಳು ಹಿಂದಿನಿಂದ ಮೊಮ್ಮಗಳು. “ಒಂದು ತಿಂಗಳು ಸಾಕಾಗಿ ಹೋಗಿದೆ.”

ಮೊಮ್ಮಗಳ ತೋಳು ಹಿಡಿದು ಅಜ್ಜಿ ಹಿಂದಿನ ಸೀಟಿಗೆ ಬಂದರು. ಸೊಸೆ ಗಾಡಿ ಶುರುಮಾಡಿ, ಕನ್ನಡಿಯಲ್ಲಿ ಅತ್ತೆಯನ್ನು ನೋಡಿದಳು.

“ಎಲ್ಲಿಗೆ ಹೋಗೋಣ ಅತ್ತೆ?”

“ನನಗೆ ಎಲ್ಲಾದರೂ…” ಅಂದ ಅಜ್ಜಿ ಅಲ್ಲಿಗೇ ನಿಲ್ಲಿಸಿದರು. ಮುಂದಿನ ಸೀಟಿನಲ್ಲಿ ಅಕ್ಕನ ಬಾಚಿದ ತಲೆ ನೆಟ್ಟಗೆ, ಕಿಟಕಿಯ ಗಾಳಿಗೆ ಮುಖವೊಡ್ಡಿ ಕಾಯುತ್ತಿತ್ತು.

“ನದಿ ಕಡೆ” ಅಂದರು. “ಬರೀ ಕಾರಲ್ಲಿ ಕೂತು ನೋಡೋದಲ್ಲ. ಇಳೀಬೇಕು.”